ಅಲೆಯ ಮುಂದೆ ಬಾಗುವುದು, ಮನುಷ್ಯನ ಮುಂದೆ ಬಾಗುವುದು

ಕೊರೊನಾದಿಂದಾಗಿ ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕರಾಟೆ ಮತ್ತು ಸರ್ಫಿಂಗ್ ಎರಡೂ ಮೊದಲ ಬಾರಿಗೆ ಪದಕದ ಪಟ್ಟಿಗೆ ಸೇರಿದವು. ಕರಾಟೆ ಒಳಾಂಗಣದ ಚಾಪೆಯ ಮೇಲೆ ನಡೆಯಿತು, ಹಲಗೆಯ ಮೇಲೆ ನಿಂತು ಅಲೆಯೇರುವ ಸ್ಪರ್ಧೆ ತ್ಸುರಿಗಸಾಕಿ ಎಂಬ ಕಡಲತೀರದಲ್ಲಿ ನಡೆಯಿತು. ಕರಾಟೆಯ ಕಾಟಾ ವಿಭಾಗದಲ್ಲಿ ಚಿನ್ನ ಗೆದ್ದ ರ್‍ಯೋ ಕಿಯುನಾ ಓಕಿನಾವಾ ದ್ವೀಪದವರು. ಮಹಿಳೆಯರ ಸರ್ಫಿಂಗ್‌ನಲ್ಲಿ ಚಿನ್ನ ಗೆದ್ದ ಕರಿಸ್ಸಾ ಮೂರ್ ಹವಾಯಿ ದ್ವೀಪದವರು. ಕರಾಟೆ ಹುಟ್ಟಿದ್ದು ಓಕಿನಾವಾದಲ್ಲಿ, ಅಲೆಸವಾರಿ ಒಂದು ಕಲೆಯಾಗಿ ಬೆಳೆದದ್ದು ಹವಾಯಿಯಲ್ಲಿ. ಆದರೆ ಪದಕ ಕೊಡುವಾಗ ಮೇಲೇರಿದ್ದು ಜಪಾನಿನ ಬಾವುಟ ಮತ್ತು ಅಮೆರಿಕದ ಬಾವುಟ.

ಇದರ ಹಿಂದೆ ಒಂದು ಇತಿಹಾಸವಿದೆ. ಓಕಿನಾವಾ ಹಿಂದೆ ತನ್ನದೇ ರಾಜರಿದ್ದ ರ್‍ಯೂಕ್ಯೂ ರಾಜ್ಯವಾಗಿತ್ತು. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಹವಾಯಿಯ ರಾಣಿಯನ್ನು 1893ರಲ್ಲಿ ಪಟ್ಟದಿಂದ ಇಳಿಸಲಾಯಿತು, ಐದು ವರ್ಷಗಳ ಬಳಿಕ ಆ ದ್ವೀಪಗಳು ಅಮೆರಿಕದ ಪಾಲಾದವು. ರಾಜ್ಯಗಳು ಸೋತರೂ ಅವುಗಳ ಕಲೆಗಳು ಸೋಲಲಿಲ್ಲ. ಓಕಿನಾವಾದ ಶಾಲಾ ಶಿಕ್ಷಕ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋದಲ್ಲಿ ಕರಾಟೆ ಪ್ರದರ್ಶಿಸಿದರು, ಅಲ್ಲಿಂದ ಅದು ಲೋಕಕ್ಕೆ ಹರಡಿತು. ಹವಾಯಿಯ ಈಜುಗಾರ ಡ್ಯೂಕ್ ಕಹನಮೋಕು 1914-15ರ ಬೇಸಿಗೆಯಲ್ಲಿ ಆಸ್ಟ್ರೇಲಿಯಾದ ತೀರದಲ್ಲಿ ಅಲೆಯೇರಿ ತೋರಿಸಿದರು, ಇಂದು ಆ ದೇಶಕ್ಕೆ ಸರ್ಫಿಂಗ್ ಇಲ್ಲದೆ ಬೇಸಿಗೆಯೇ ಇಲ್ಲ. ಬಲಿಷ್ಠರಿಗೆ ಸೋತ ಎರಡು ಪುಟ್ಟ ನಾಡುಗಳ ಕಲೆಗಳಿವು. ಆದ್ದರಿಂದ ಬಲ ಎಂದರೇನು ಎಂಬ ಹಳೆಯ ಪ್ರಶ್ನೆಯನ್ನು ಈ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳುವುದರಲ್ಲಿ ಅರ್ಥವಿದೆ.

ಇವುಗಳ ಹೋಲಿಕೆ ಹೊಸದೇನಲ್ಲ. ಎರಡನ್ನೂ ಬಲ್ಲವರು ಆ ಮಾತನ್ನು ಆಗಾಗ ಆಡುತ್ತಾರೆ. ಬ್ರೆಜಿಲಿನ ರಿಯೋ ಡಿ ಜನೈರೊ ನಗರದಲ್ಲಿ ಜಪಾನಿನ ಜುಜುತ್ಸು ಹೊಸ ರೂಪ ಪಡೆಯಿತು. ಅದನ್ನು ಬೆಳೆಸಿದ ಗ್ರೇಸಿ ಕುಟುಂಬದ ಹೆಸರಾಂತ ಪಟು ರಿಕ್ಸನ್ ಗ್ರೇಸಿ ಅಲೆಸವಾರಿಯ ಹುಚ್ಚು ಹಚ್ಚಿಕೊಂಡವರು. ಸರ್ಫಿಂಗ್‌ನಲ್ಲಿ ವಿಶ್ವಪ್ರಶಸ್ತಿ ಗೆದ್ದ ಜೋಯಲ್ ಟ್ಯೂಡರ್ ಅದೇ ಜುಜುತ್ಸುವಿನಲ್ಲಿ ಕಪ್ಪುಪಟ್ಟಿ ಪಡೆದವರು. ಹೊರಗಿನಿಂದ ನೋಡುವವನಿಗೂ ಸಾಮ್ಯ ಕಾಣುತ್ತದೆ. ಎರಡರಲ್ಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ಮೈಭಾರ ಕೆಳಗಿರಬೇಕು, ಹೆಗಲು ಸಡಿಲವಾಗಿರಬೇಕು. ನೋಟ ಕಾಲಬುಡದಲ್ಲಿರದೆ ಹೋಗಬೇಕಾದ ಕಡೆಗಿರಬೇಕು. ಸೆಟೆದು ನಿಂತವನು ಚಾಪೆಯ ಮೇಲೂ ಬೀಳುತ್ತಾನೆ, ಹಲಗೆಯ ಮೇಲಿಂದಲೂ ಬೀಳುತ್ತಾನೆ.

ಬೀಳುವುದೇ ಎರಡರಲ್ಲೂ ಮೊದಲ ಪಾಠ. ಜಿಗೋರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಕೊಡೋಕಾನ್ ಎಂಬ ಶಾಲೆ ತೆರೆದು ಜೂಡೊ ಕಲಿಸತೊಡಗಿದರು. ಇಂದಿಗೂ ಜೂಡೊ ಕಲಿಯಲು ಬಂದ ಹುಡುಗ ಮೊದಲು ಯಾರನ್ನೂ ಕೆಡವುವುದಿಲ್ಲ, ತಾನೇ ಬೀಳುತ್ತಾನೆ. ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ ಉರುಳುತ್ತಾನೆ. ನೆಲ ತಾಗುವ ಕ್ಷಣಕ್ಕೆ ಅಂಗೈಯಿಂದ ಚಾಪೆಯನ್ನು ಬಡಿದು ಪೆಟ್ಟನ್ನು ಹಂಚುವುದನ್ನು, ಗದ್ದವನ್ನು ಎದೆಗೆ ಒತ್ತಿ ತಲೆ ಉಳಿಸಿಕೊಳ್ಳುವುದನ್ನು ಕಲಿಯುತ್ತಾನೆ. ಅಲೆಯೇರುವವನೂ ಬೀಳುವಾಗ ಕೈಗಳಿಂದ ತಲೆ ಮರೆಸಿಕೊಳ್ಳಬೇಕು. ನೀರಿನೊಳಗೆ ಅಲೆ ಮಗುಚಿ ಹಾಕುತ್ತಿರುವಾಗ ಮೈಬಿಟ್ಟು ಸುಮ್ಮನಿರಬೇಕು. ಹೆದರಿ ಕೈಕಾಲು ಬಡಿದವನ ಉಸಿರು ಬೇಗ ಮುಗಿಯುತ್ತದೆ. ಒಳಗೆಳೆಯುವ ಸೆಳವಿಗೆ ಸಿಕ್ಕಿದವನು ಅದಕ್ಕೆ ಎದುರಾಗಿ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು ಎಂಬುದನ್ನು ನಮ್ಮ ಕರಾವಳಿಯ ಮಕ್ಕಳಿಗೂ ಹೇಳಿಕೊಡಬೇಕಾದ ಅಗತ್ಯವಿದೆ. ಬೀಳಲು ಹೆದರುವವನು ನಿಲ್ಲಲು ಕಲಿಯಲಾರ. ಗೆಲುವಿನ ಪಾಠವನ್ನಷ್ಟೇ ಹೇಳಿಕೊಡುವ ನಮ್ಮ ಶಾಲೆಗಳು ಮರೆತಿರುವ ಸರಳ ಸತ್ಯ ಇದು.

ಎರಡನೆಯ ಪಾಠ ಕಾಯುವುದು. ಅಲೆ ಹುಟ್ಟುವುದು ದಡದಲ್ಲಲ್ಲ. ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಕಡಲನ್ನು ಕಲಕಿದಾಗ ಎದ್ದ ಶಕ್ತಿ ದಿನಗಟ್ಟಲೆ ಪಯಣಿಸಿ ತೀರಕ್ಕೆ ಬರುತ್ತದೆ. ನಡುಗಡಲಲ್ಲಿ ನೀರು ಮುಂದಕ್ಕೆ ಸಾಗುವುದು ತೀರಾ ಕಡಿಮೆ, ಅದು ಇದ್ದಲ್ಲೇ ಸುತ್ತು ಹಾಕುತ್ತದೆ. ಮುಂದೆ ಬರುವುದು ಶಕ್ತಿ ಮಾತ್ರ. ತೀರದಲ್ಲಿ ಆಳ ಕಡಿಮೆಯಾದಾಗ ಅಲೆಯ ಬುಡ ನಿಧಾನವಾಗಿ, ತಲೆ ಮುಂದಕ್ಕೆ ವಾಲಿ ಒಡೆಯುತ್ತದೆ. ಸವಾರ ಈ ಕೆಲವೇ ಕ್ಷಣಗಳಿಗಾಗಿ ಹಲಗೆಯ ಮೇಲೆ ಗಂಟೆಗಟ್ಟಲೆ ಕುಳಿತು ದಿಗಂತ ನೋಡುತ್ತಾನೆ. ನೀರಲ್ಲಿ ಕಳೆದ ಸಮಯದಲ್ಲಿ ಬಹುಪಾಲು ಕೈಯಿಂದ ನೀರು ಹುಟ್ಟು ಹಾಕುವುದಕ್ಕೆ ಮತ್ತು ಕಾಯುವುದಕ್ಕೆ ಹೋಗುತ್ತದೆ, ನಿಂತು ಸಾಗುವುದು ಸೆಕೆಂಡುಗಳ ಲೆಕ್ಕದಲ್ಲಿ. ಹವಾಯಿಯ ವೈಮಿಯಾ ಕೊಲ್ಲಿಯಲ್ಲಿ ಎಡ್ಡಿ ಐಕಾವು ಎಂಬ ಜೀವರಕ್ಷಕನ ನೆನಪಿಗೆ ನಡೆಯುವ ಸ್ಪರ್ಧೆಗೆ ನಿಗದಿತ ದಿನಾಂಕವೇ ಇಲ್ಲ. ಅಲೆಗಳು ಅದಕ್ಕೆ ಬೇಕಾದ ಎತ್ತರಕ್ಕೆ ಏಳದಿದ್ದರೆ ಆ ವರ್ಷ ಸ್ಪರ್ಧೆಯೂ ಇಲ್ಲ. 2016ರಲ್ಲಿ ನಡೆದದ್ದು ಮತ್ತೆ ನಡೆದದ್ದು 2023ರಲ್ಲಿ. ಜೂಡೊ ಪಟುವೂ ಹೀಗೆಯೇ ಕಾಯುತ್ತಾನೆ. ಎದುರಾಳಿಯ ತೂಕ ಒಂದು ಕಾಲಿಂದ ಇನ್ನೊಂದಕ್ಕೆ ಸರಿಯುವ ಕ್ಷಣ ಹಿಡಿದರೆ ತನಗಿಂತ ದೊಡ್ಡವನನ್ನೂ ಕೆಡವಬಹುದು, ಆ ಕ್ಷಣ ತಪ್ಪಿದರೆ ಎಷ್ಟು ತೋಳ್ಬಲವಿದ್ದರೂ ವ್ಯರ್ಥ.

ನಾವು ಸಬ್ರ್ ಎನ್ನುತ್ತೇವಲ್ಲ, ಅದಕ್ಕೆ ತಾಳ್ಮೆ ಎಂದಷ್ಟೇ ಅನುವಾದ ಮಾಡಿಕೊಂಡು ಕೈಕಟ್ಟಿ ಕೂರುವುದು ಎಂಬ ಅರ್ಥ ಕೊಟ್ಟುಬಿಟ್ಟಿದ್ದೇವೆ. ಹಲಗೆಯ ಮೇಲೆ ಕುಳಿತವನ ತಾಳ್ಮೆ ಅಂಥದ್ದಲ್ಲ. ಅವನ ಕಣ್ಣು ಎಚ್ಚರವಾಗಿದೆ, ಮೈ ಸಿದ್ಧವಾಗಿದೆ, ಬರುವ ಅಲೆಗಳಲ್ಲಿ ಯಾವುದನ್ನು ಬಿಡಬೇಕು ಎಂಬ ಲೆಕ್ಕ ನಡೆದೇ ಇದೆ. ಸಬ್ರ್ ಎಂದರೆ ಹೀಗೆ ಸಿದ್ಧನಾಗಿ ಕಾಯುವುದು.

ಮೂರನೆಯ ಪಾಠ ತನ್ನೊಳಗಿನ ಎದುರಾಳಿಯದು. ಹಾಂಗ್‌ಕಾಂಗ್‌ನಲ್ಲಿ ಹುಡುಗನಾಗಿದ್ದಾಗ ಬ್ರೂಸ್ ಲೀ, ಮೈಮನಸ್ಸು ಸಡಿಲವಾಗಿರಲಿ ಎಂಬ ಗುರುವಿನ ಮಾತು ಎಷ್ಟು ಪ್ರಯತ್ನಿಸಿದರೂ ಕೈಗೂಡದೆ, ಒಂದು ದಿನ ಒಬ್ಬನೇ ದೋಣಿ ತೆಗೆದುಕೊಂಡು ಕಡಲಿಗೆ ಹೋದದ್ದನ್ನು ತಾನೇ ಬರೆದಿದ್ದಾನೆ. ಸಿಟ್ಟಿನಲ್ಲಿ ನೀರಿಗೆ ಗುದ್ದಿದ. ನೀರಿಗೆ ನೋವಾಗಲಿಲ್ಲ. ಹಿಡಿಯಲು ಹೋದ, ಅದು ಬೆರಳ ಸಂದಿಯಿಂದ ಜಾರಿತು. ನೀರಿನ ಹಾಗಿರಬೇಕು ಎಂದು ಮುಂದೆ ಅವನು ಲೋಕಕ್ಕೆಲ್ಲ ಹೇಳಿದ ಮಾತಿನ ಬೇರು ಆ ಕಡಲಲ್ಲಿದೆ. ತನ್ನನ್ನು ಕೆಡವುತ್ತಿರುವುದು ಎದುರಿಗಿರುವವನಲ್ಲ, ತನ್ನೊಳಗಿನ ಆತುರ, ಭಯ, ಅಹಂಕಾರ ಎಂಬುದು ಸಮರಕಲೆಯವನಿಗೂ ಅಲೆಸವಾರನಿಗೂ ಒಂದಲ್ಲ ಒಂದು ದಿನ ತಿಳಿಯಲೇಬೇಕು. ನಮ್ಮ ಪರಂಪರೆ ಇದನ್ನು ನಫ್ಸ್ ಎಂದು ಕರೆಯುತ್ತದೆ. ಮಕ್ಕಾದ ಹೆಸರಾಂತ ಜಟ್ಟಿ ರುಕಾನನನ್ನು ಪ್ರವಾದಿ ಮುಹಮ್ಮದ್(ಸ) ಕುಸ್ತಿಯಲ್ಲಿ ಕೆಡವಿದ ವೃತ್ತಾಂತ ಸೀರತ್ ಗ್ರಂಥಗಳಲ್ಲಿ ಬರುತ್ತದೆ. ಅದೇ ಪ್ರವಾದಿಯವರೇ, ನಿಜವಾದ ಬಲಶಾಲಿ ಕುಸ್ತಿಯಲ್ಲಿ ಗೆಲ್ಲುವವನಲ್ಲ, ಸಿಟ್ಟು ಬಂದಾಗ ತನ್ನನ್ನು ಹತೋಟಿಯಲ್ಲಿಡಬಲ್ಲವನು ಎಂಬ ತಿಳಿವನ್ನೂ ಕೊಟ್ಟರು.

ಸಾಮಾನ್ಯವಾಗಿ ಈ ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಎರಡೂ ವಿನಯ ಕಲಿಸುತ್ತವೆ, ಎರಡೂ ಮನಸ್ಸನ್ನು ಶುದ್ಧಗೊಳಿಸುತ್ತವೆ ಎಂದು ಹೇಳಿ ಮುಗಿಸುತ್ತಾರೆ. ಆದರೆ ನನಗನಿಸುವ ಮಟ್ಟಿಗೆ ನಿಜವಾದ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಎರಡೂ ಕಲಿಸುವ ವಿನಯ ಒಂದೇ ಬಗೆಯದೇ?

ಇಪ್ಪತ್ತು ಅಡಿಯ ಅಲೆಯ ಮುಂದೆ ಯಾರು ಬಾಗುವುದಿಲ್ಲ? ಕಡಲು ನಮಗಿಂತ ದೊಡ್ಡದು. ಅದರೊಂದಿಗೆ ಸೆಣಸಿದರೆ ಸಾವು, ಹೊಂದಿಕೊಂಡರೆ ಬದುಕು. ಅಲ್ಲಿ ಬಾಗುವುದು ವಿವೇಕ. ಅದಕ್ಕೆ ಬುದ್ಧಿ ಬೇಕು, ಧೈರ್ಯ ಬೇಕು. ಆದರೆ ಅದು ಸದ್ಗುಣವೇ ಎಂದು ಕೇಳಿದರೆ ಹೌದೆನ್ನಲು ಕಷ್ಟ. ಮೇಲಧಿಕಾರಿಯ ಎದುರು ಬೆನ್ನು ಬಾಗಿಸಿ ನಿಂತು, ಮನೆಗೆ ಬಂದು ಹೆಂಡತಿ ಮಕ್ಕಳ ಮೇಲೆ ಎಗರಾಡುವವನೂ ಬಾಗಬಲ್ಲವನೇ. ಬಲಶಾಲಿಯ ಮುಂದೆ ತಗ್ಗುವವರು ಲೋಕದಲ್ಲಿ ಬೇಕಾದಷ್ಟು ಜನ.

ಸಮರಕಲೆಯ ಚಾಪೆಯ ಮೇಲೆ ಸಂಗತಿ ಬೇರೆ. ಬ್ರೆಜಿಲಿನ ಜುಜುತ್ಸುವಿನಲ್ಲಿ ಒಬ್ಬನ ಕುತ್ತಿಗೆ ಅಥವಾ ತೋಳು ಇನ್ನೊಬ್ಬನ ಪಟ್ಟಿಗೆ ಸಿಕ್ಕಿದಾಗ, ಸೋತವನು ಎದುರಾಳಿಯ ಮೈಯನ್ನೋ ಚಾಪೆಯನ್ನೋ ಕೈಯಿಂದ ಒಂದೆರಡು ಸಲ ತಟ್ಟಿದರೆ ಸಾಕು. ಗೆದ್ದವನು ತಕ್ಷಣ ಬಿಡಬೇಕು. ಇನ್ನೊಂದು ಗೇಣು ಎಳೆದರೆ ಮೂಳೆ ಮುರಿದೀತು, ಇನ್ನಷ್ಟು ಹೊತ್ತು ಒತ್ತಿದರೆ ಪ್ರಜ್ಞೆ ತಪ್ಪೀತು. ಅಷ್ಟೂ ಶಕ್ತಿ ಕೈಯಲ್ಲಿರುವಾಗಲೇ ಕೈ ಸಡಿಲವಾಗಬೇಕು. ಈ ನಂಬಿಕೆ ಇಲ್ಲದಿದ್ದರೆ ಆ ಕಲೆಯನ್ನು ಒಂದು ದಿನವೂ ಅಭ್ಯಾಸ ಮಾಡಲಾಗದು, ಏಕೆಂದರೆ ಪ್ರತಿಯೊಬ್ಬನೂ ತನ್ನ ಕುತ್ತಿಗೆಯನ್ನು ಇನ್ನೊಬ್ಬನ ಕೈಗೆ ಕೊಟ್ಟೇ ಕಲಿಯಬೇಕು. ತಾನೂ ಎದುರಿನವನೂ ಇಬ್ಬರೂ ಏಳಿಗೆ ಹೊಂದಬೇಕು ಎಂಬುದನ್ನು ಕಾನೊ ಜೂಡೊದ ಮೂಲತತ್ವಗಳಲ್ಲಿ ಒಂದಾಗಿ ಇಟ್ಟದ್ದು ಇದಕ್ಕೇ. ಕರಾಟೆಯಲ್ಲಿ ಮೊದಲ ಏಟು ಎಂಬುದಿಲ್ಲ ಎಂದು ಫುನಾಕೋಶಿ ತಮ್ಮ ಶಿಷ್ಯರಿಗೆ ವಿಧಿಸಿದ್ದೂ ಇದಕ್ಕೇ. ಕಡಲನ್ನು ತಟ್ಟಿ, ಸೋತೆ, ಬಿಟ್ಟುಬಿಡು ಎಂದು ಹೇಳಲಾಗದು. ಅದು ಕೇಳುವುದಿಲ್ಲ. ತಟ್ಟಿದ್ದು ಕೇಳಿಸಿಕೊಂಡು ಕೈಬಿಡಬಲ್ಲವನು ಮನುಷ್ಯ ಮಾತ್ರ.

ಅರಬೀ ಭಾಷೆಯಲ್ಲಿ ಈ ಗುಣಕ್ಕೆ ಹಿಲ್ಮ್ ಎಂಬ ಪ್ರತ್ಯೇಕ ಪದವೇ ಇದೆ. ಶಿಕ್ಷಿಸುವ ಸಾಮರ್ಥ್ಯವಿದ್ದೂ ತಡೆದುಕೊಳ್ಳುವುದು ಹಿಲ್ಮ್. ಮೌಲಾನಾ ರೂಮಿ ತಮ್ಮ ಮಸ್ನವಿಯ ಮೊದಲ ಸಂಪುಟದಲ್ಲಿ ಹಜ್ರತ್ ಅಲಿ(ರ) ಅವರ ಕಥೆಯೊಂದನ್ನು ಹೇಳುತ್ತಾರೆ. ರಣರಂಗದಲ್ಲಿ ಶತ್ರುವನ್ನು ಸೋಲಿಸಿ ಕತ್ತಿ ಎತ್ತಿದ್ದಾಗ ಅವನು ಅವರ ಮುಖಕ್ಕೆ ಉಗುಳಿದ. ಅಲಿ(ರ) ಕತ್ತಿಯನ್ನು ಕೆಳಗೆ ಹಾಕಿದರು. ಬೆರಗಾಗಿ ಕಾರಣ ಕೇಳಿದವನಿಗೆ, ಅಲ್ಲಿಯವರೆಗಿನ ಹೋರಾಟ ದೇವನಿಗಾಗಿ ಇತ್ತು, ಉಗುಳಿದ ಮೇಲೆ ಅದರಲ್ಲಿ ತನ್ನ ಸಿಟ್ಟೂ ಸೇರಿಕೊಂಡಿತು ಎಂಬ ಅರ್ಥದ ಉತ್ತರ ಕೊಟ್ಟರು. ಎತ್ತಿದ ಕತ್ತಿಯನ್ನು ಇಳಿಸುವುದಕ್ಕೆ ಎತ್ತುವುದಕ್ಕಿಂತ ಹೆಚ್ಚಿನ ಬಲ ಬೇಕು. ಅಲೆ ಕಲಿಸುವುದು ದೊಡ್ಡದರ ಮುಂದಿನ ವಿನಯವನ್ನು. ಚಾಪೆ ಕಲಿಸಬೇಕಾದದ್ದು ತನ್ನ ಕೈಗೆ ಸಿಕ್ಕವನ ಮುಂದಿನ ವಿನಯವನ್ನು. ಮೊದಲನೆಯದನ್ನು ಬದುಕಿ ಉಳಿಯಲು ಕಲಿಯುತ್ತೇವೆ. ಎರಡನೆಯದನ್ನು ಕಲಿಯದೆಯೂ ಬದುಕಬಹುದು. ಆದ್ದರಿಂದಲೇ ಅದು ಗುಣ.

ಹಾಗೆಂದು ಚಾಪೆ ಹತ್ತಿದವರೆಲ್ಲ ಸದ್ಗುಣಿಗಳಾದರೆಂದು ಭಾವಿಸಬೇಕಿಲ್ಲ. 1931ರಿಂದ ಜಪಾನಿನ ಗಂಡುಮಕ್ಕಳ ಮಾಧ್ಯಮಿಕ ಶಾಲೆಗಳಲ್ಲಿ ಜೂಡೊ ಮತ್ತು ಕತ್ತಿವರಸೆಯ ಕೆಂಡೊ ಕಡ್ಡಾಯವಾದವು. ಇಬ್ಬರ ಏಳಿಗೆಗೆಂದು ಹುಟ್ಟಿದ ಕಲೆ ಸೈನ್ಯಕ್ಕೆ ಆಳು ತಯಾರಿಸುವ ಕಸರತ್ತಾಯಿತು. ಅದೇ ದಶಕದಲ್ಲಿ ಆ ಸೈನ್ಯ ಚೀನಾದಲ್ಲಿ ನಡೆಸಿದ ಕ್ರೌರ್ಯವನ್ನು ಇತಿಹಾಸ ಮರೆತಿಲ್ಲ. ಯುದ್ಧದಲ್ಲಿ ಜಪಾನ್ ಸೋತ ಮೇಲೆ ಅಮೆರಿಕದ ಆಡಳಿತ ಈ ಕಲೆಗಳನ್ನು ಶಾಲೆಗಳಿಂದ ಹೊರಹಾಕಿತು. ಜೂಡೊ ಶಾಲೆಗೆ ಮರಳಿದ್ದು 1950ರಲ್ಲಿ. ಸಂಯಮ ಕಲಿಸುವ ವಿದ್ಯೆಯಲ್ಲಿ ಪಳಗಿದ ಕೈಗಳೇ ನಿರಾಯುಧರ ಮೇಲೆ ಏಳಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಡಲಿನ ಸಂಗತಿಯೂ ಅಷ್ಟೇ. ಅಲೆಯೇರುವವರ ನಡುವೆ ಬರೆಯದ ಕಾನೂನೊಂದಿದೆ. ಒಡೆಯುತ್ತಿರುವ ಶಿಖರಕ್ಕೆ ಹತ್ತಿರವಿರುವವನಿಗೆ ಆ ಅಲೆ ಸೇರಬೇಕು, ಮತ್ತೊಬ್ಬ ಅದಕ್ಕೆ ಅಡ್ಡ ನುಗ್ಗಬಾರದು. ಒಳ್ಳೆಯ ಅಲೆಗಳು ಕಡಿಮೆ, ಬಯಸುವವರು ಹೆಚ್ಚು, ಆದ್ದರಿಂದ ಈ ನಿಯಮ. ಆದರೆ ಹವಾಯಿ, ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳ ಎಷ್ಟೋ ತೀರಗಳಲ್ಲಿ, ಇದು ನಮ್ಮ ಅಲೆ, ಹೊರಗಿನವರು ಬರಬಾರದು ಎಂದು ಬಡಿದಾಟಗಳು ನಡೆದಿವೆ. ಪರ್ವತದಂಥ ಅಲೆಯ ಮುಂದೆ ವಿನೀತನಾಗಿ ಬಾಗಿದವನು ದಡಕ್ಕೆ ಬಂದು ಪರಊರಿನ ಹುಡುಗನ ಮುಖಕ್ಕೆ ಗುದ್ದಿದ್ದಾನೆ. ನೆಲ ಕಳೆದುಕೊಂಡ ಹವಾಯಿಯ ಮೂಲನಿವಾಸಿಗಳ ಸಿಟ್ಟಿಗೆ ಕಾರಣಗಳಿದ್ದವು, ಅದು ನ್ಯಾಯ. ಆದರೆ ಉಳಿದ ಕಡೆ ಕಂಡದ್ದು ಬರೀ ಜಂಬ. ದೂರದ ಬಿರುಗಾಳಿ ಕಳಿಸಿದ ಅಲೆ ಯಾರ ಅಪ್ಪನ ಆಸ್ತಿ?

ಹೀಗಾಗಿ ಎರಡೂ ಒಂದನ್ನೊಂದು ತಿದ್ದಬೇಕು. ಚಾಪೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳಿವೆ, ಗುರುವಿದ್ದಾನೆ, ಪದವಿಗಳಿವೆ. ಕಪ್ಪುಪಟ್ಟಿ ಕಟ್ಟಿಕೊಂಡವನಿಗೆ ತಾನು ಪೂರ್ಣ ಎನಿಸುವ ಅಪಾಯವಿದೆ. ಕಡಲು ಯಾರ ಪಟ್ಟಿಯನ್ನೂ ನೋಡುವುದಿಲ್ಲ. ಹಲವು ಬಾರಿ ಗೆದ್ದವನನ್ನೂ ಮೊದಲ ದಿನ ಬಂದವನನ್ನೂ ಒಂದೇ ಸಮನೆ ಮಗುಚುತ್ತದೆ. ಕಡಲಲ್ಲಿ ಇಲ್ಲದ್ದು ಎದುರಿನ ಮನುಷ್ಯ. ತಟ್ಟಿದಾಗ ಬಿಡಬೇಕೆಂಬ ಕರಾರು ಅಲ್ಲಿ ಕಲಿಯಲು ಸಿಗುವುದಿಲ್ಲ, ಅದನ್ನು ಚಾಪೆಯಿಂದ ಒಯ್ಯಬೇಕು.

ಇವೆರಡೂ ಕೂಡಿದ ಬದುಕುಗಳಿವೆ. 1925ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಕರೋನಾ ಡೆಲ್ ಮಾರ್ ತೀರದ ಬಳಿ ದೋಣಿಯೊಂದು ಮಗುಚಿದಾಗ, ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ ಡ್ಯೂಕ್ ಕಹನಮೋಕು ತಮ್ಮ ಹಲಗೆಯ ಮೇಲೆ ಮತ್ತೆ ಮತ್ತೆ ಹೋಗಿ ಎಂಟು ಜನರನ್ನು ದಡಕ್ಕೆ ತಂದರು. 1978ರ ಮಾರ್ಚ್‌ನಲ್ಲಿ ಹೊಕುಲೆಅ ಎಂಬ ಸಾಂಪ್ರದಾಯಿಕ ಹಾಯಿದೋಣಿ ಹವಾಯಿ ದ್ವೀಪಗಳ ನಡುವೆ ಮಗುಚಿತು. ಅದರಲ್ಲಿದ್ದ ಎಡ್ಡಿ ಐಕಾವು ಸಂಗಾತಿಗಳಿಗೆ ನೆರವು ತರಲು ಹಲಗೆಯ ಮೇಲೆ ಒಬ್ಬನೇ ಹೊರಟ. ಸಂಗಾತಿಗಳು ಉಳಿದರು, ಅವನು ಮರಳಲಿಲ್ಲ. ಅವನ ನೆನಪಿನ 2023ರ ಸ್ಪರ್ಧೆಯನ್ನು ಗೆದ್ದ ಲ್ಯೂಕ್ ಶೆಪರ್ಡ್‌ಸನ್ ಅಂದು ಅದೇ ತೀರದಲ್ಲಿ ಜೀವರಕ್ಷಕನ ಕೆಲಸದಲ್ಲಿದ್ದ. ತನ್ನ ಸರದಿ ಬಂದಾಗ ಹೋಗಿ ಅಲೆಯೇರಿ, ಮತ್ತೆ ಬಂದು ಕಾವಲಿಗೆ ನಿಲ್ಲುತ್ತಿದ್ದ. ಕಡಲಿನಿಂದ ಕಲಿತ ವಿದ್ಯೆಯನ್ನು ಇವರು ಮುಳುಗುತ್ತಿರುವವನ ಋಣವೆಂದು ತಿಳಿದವರು.

ಇದು ನಮ್ಮಿಂದ ದೂರದ ಮಾತಲ್ಲ. ಮಂಗಳೂರಿನ ಬಳಿಯ ಮೂಲ್ಕಿಯಲ್ಲಿ 2004ರಲ್ಲಿ ಅಮೆರಿಕ ಮೂಲದ ಸ್ವಾಮಿಯೊಬ್ಬರ ಆಶ್ರಮದಲ್ಲಿ ಸರ್ಫಿಂಗ್ ಸಂಘ ಶುರುವಾಯಿತು. 2016ರಲ್ಲಿ ಸಸಿಹಿತ್ಲು ಕಡಲತೀರದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು. ಕರಾಟೆ ತರಗತಿಗಳಂತೂ ಕರಾವಳಿಯ ಪ್ರತಿ ಪೇಟೆಯಲ್ಲಿವೆ. ಅದಕ್ಕೂ ಹಿಂದಿನಿಂದ ನಮ್ಮಲ್ಲಿ ಗರಡಿಗಳಿದ್ದವು. ಉತ್ತರ ಕರ್ನಾಟಕದಲ್ಲಿ ಕುಸ್ತಿಯ ಅಭ್ಯಾಸಕ್ಕೆ ತಾಲೀಮು ಎನ್ನುತ್ತಾರೆ, ಕಲಿಸುವವನಿಗೆ ವಸ್ತಾದ ಎನ್ನುತ್ತಾರೆ. ಅರಬಿಯಲ್ಲಿ ತಾಲೀಮ್ ಎಂದರೆ ಶಿಕ್ಷಣ. ವಸ್ತಾದನೆಂದರೆ ಮದರಸದಲ್ಲಿ ಅಕ್ಷರ ಕಲಿಸುವ ಉಸ್ತಾದನೇ. ಮೈಗೆ ಕೊಡುವ ಶಿಕ್ಷಣ ಬೇರೆ, ಮನಸ್ಸಿಗೆ ಕೊಡುವ ಶಿಕ್ಷಣ ಬೇರೆ ಎಂದು ಆ ಮಾತುಗಳನ್ನು ಬಳಕೆಗೆ ತಂದವರು ಭಾವಿಸಿರಲಿಲ್ಲ. ಗರಡಿಯ ಕೆಮ್ಮಣ್ಣಿನಲ್ಲಿ ಎಲ್ಲ ಜಾತಿ ಧರ್ಮದ ಹುಡುಗರ ಬೆವರು ಬೆರೆಯುತ್ತಿತ್ತು.

ಇಂದು ಆತ್ಮರಕ್ಷಣೆಯ ಹೆಸರಿನಲ್ಲಿ ನಡೆಯುವ ಎಲ್ಲ ತರಬೇತಿಗಳ ಬಗ್ಗೆ ಹೀಗೆ ಹೇಳಲಾಗದು. ಕೆಲವು ಕಡೆ ಪಟ್ಟಿನ ಜೊತೆಗೇ ಪಕ್ಕದ ಬೀದಿಯವನ ಭಯವನ್ನೂ ಕಲಿಸಲಾಗುತ್ತಿದೆ. 2023ರ ಜೂನ್‌ನಲ್ಲಿ ಉಳ್ಳಾಲದ ಸೋಮೇಶ್ವರ ಕಡಲತೀರದಲ್ಲಿ, ಗೆಳತಿಯರೊಂದಿಗೆ ಬಂದಿದ್ದ ವಿದ್ಯಾರ್ಥಿಗಳನ್ನು ಗುಂಪೊಂದು ಸುತ್ತುವರಿದು ಹೊಡೆಯಿತು. ಅವರ ಧರ್ಮ ಬೇರೆ ಎಂಬುದೇ ತಪ್ಪಾಗಿತ್ತು. ಬುರ್ಖಾ ಧರಿಸಿದ ಹುಡುಗಿ ಬೇರೆ ಧರ್ಮದ ಸಹಪಾಠಿಯ ಜೊತೆ ಕಂಡರೆ ಅಡ್ಡಗಟ್ಟಿ ವಿಚಾರಣೆ ಮಾಡುವ ಗುಂಪುಗಳು ನಮ್ಮ ಸಮುದಾಯದಲ್ಲೂ ಇವೆ ಎಂಬುದನ್ನು ಇಲ್ಲಿ ಹೇಳದೆ ಹೋದರೆ ಬರೆಯುವುದಕ್ಕೆ ಅರ್ಥವಿಲ್ಲ. ಹತ್ತು ಜನ ಸೇರಿ ಒಬ್ಬನನ್ನು ಹೊಡೆಯುವುದಕ್ಕೆ ಯಾವ ಕಲೆಯೂ ಬೇಕಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಸಂಯಮದ ಪಾಠ ಯಾವಾಗಲೂ ಪೆಟ್ಟು ತಿಂದವರಿಗೇ ಏಕೆ? ಆಕ್ಷೇಪ ಸರಿಯಾಗಿಯೇ ಇದೆ. ಹಿಲ್ಮ್ ಎಂಬುದು ಶಕ್ತಿಯಿದ್ದವನ ಗುಣ. ಶಕ್ತಿಯಿಲ್ಲದವನಿಗೆ ತಾಳಿಕೋ ಎನ್ನುವುದು ಉಪದೇಶವಾಗದು, ಅದು ಇನ್ನೊಂದು ಪೆಟ್ಟು. ದಬ್ಬಾಳಿಕೆಗೆ ಒಳಗಾದವರಿಗೆ ತಮ್ಮನ್ನು ರಕ್ಷಿಸಿಕೊಳ್ಳುವ ಅನುಮತಿಯನ್ನು ಕುರ್‌ಆನ್ ಸ್ಪಷ್ಟವಾಗಿ ಕೊಟ್ಟಿದೆ. ಬಸ್ಸಿನಲ್ಲಿ ಮೈಮುಟ್ಟುವವನ ಕೈ ತಿರುಚಲು ನಮ್ಮ ಹೆಣ್ಣುಮಕ್ಕಳು ಕಲಿಯಲಿ, ಅದಕ್ಕಾಗಿ ಕರಾಟೆ ತರಗತಿಗೆ ಹೋಗಲಿ, ಮನೆಯವರು ಕಳಿಸಲಿ. ಮೊದಲ ಏಟಿಲ್ಲ ಎಂದ ಫುನಾಕೋಶಿ ಏಟನ್ನು ತಡೆಯುವುದನ್ನೇ ಆಯುಷ್ಯವಿಡೀ ಕಲಿಸಿದರು. ಕಲಿಯಬಾರದು ಎಂಬುದು ಇಲ್ಲಿನ ಮಾತಲ್ಲ. ಕಲಿತ ಮೇಲೆ ಆ ಬಲ ಯಾರ ಎದುರು ಏಳುತ್ತದೆ, ಯಾರ ಎದುರು ತಗ್ಗುತ್ತದೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಪಟ್ಟುಗಳಲ್ಲಿ ಇಲ್ಲ, ಅಲೆಗಳಲ್ಲೂ ಇಲ್ಲ. ಅದು ಕಲಿಸುವವನಲ್ಲಿದೆ. ಮಗನನ್ನು ತಾಲೀಮಿಗೆ ಕಳಿಸುವ ತಂದೆತಾಯಿ, ಅಲ್ಲಿ ಎಷ್ಟು ತಿಂಗಳಲ್ಲಿ ಕಪ್ಪುಪಟ್ಟಿ ಸಿಗುತ್ತದೆ ಎಂದು ವಿಚಾರಿಸುವುದರ ಜೊತೆಗೆ, ತಟ್ಟಿದಾಗ ಬಿಡುವುದನ್ನು ಅಲ್ಲಿ ಹೇಗೆ ಕಲಿಸುತ್ತಾರೆ ಎಂದೂ ಒಮ್ಮೆ ಕೇಳಿ ನೋಡಬೇಕು.